ಅರವತ್ತು ದಾಟಿದ ಮೇಲೆ ದೂರದ ಸಹಾಯಾರ್ಥ ನಡಿಗೆ: ಹೊರಡಬಹುದಾ? ಹೇಗೆ ತಯಾರಾಗುವುದು?

ನಿಧಾನನಡಿಗೆ ಬರೆದರು:

ಎಲ್ಲರಿಗೂ ನಮಸ್ಕಾರ. ನನಗೀಗ 64. ಕೆಲಸದಿಂದ ನಿವೃತ್ತಿಯಾಗಿದೆ. ದಿನಾ ಸಂಜೆ ಐದಾರು ಕಿಲೋಮೀಟರ್ ನಡೆಯುವ ಅಭ್ಯಾಸ ಇದೆ. ಅದಕ್ಕಿಂತ ದೊಡ್ಡ ನಡಿಗೆ ಯಾವುದನ್ನೂ ಮಾಡಿದವಳಲ್ಲ.

ನನ್ನ ಅಕ್ಕ ಕೊನೆಯ ತಿಂಗಳುಗಳನ್ನು ಮನೆಯಲ್ಲೇ ಕಳೆದಳು. ಮನೆಗೇ ಬಂದು ಆರೈಕೆ ಮಾಡುವ ಒಂದು ಸಣ್ಣ ಸಂಸ್ಥೆ ಇರದಿದ್ದರೆ ಅದು ಸಾಧ್ಯವೇ ಇರಲಿಲ್ಲ. ನೋವಿನ ಔಷಧಿ ಯಾವಾಗ ಕೊಡಬೇಕು, ಬೆನ್ನು ಹುಣ್ಣಾಗದ ಹಾಗೆ ಮಗ್ಗುಲು ಹೇಗೆ ಬದಲಿಸಬೇಕು, ಎಲ್ಲವನ್ನೂ ಪಕ್ಕದಲ್ಲಿ ಕೂತು ನಮಗೆ ಕಲಿಸಿಕೊಟ್ಟರು. ಅವರಿಗಾಗಿ ದುಡ್ಡು ಕೂಡಿಸಲು 300 ಕಿ.ಮೀ. ನಡೆಯಬೇಕು ಅಂತ ನನಗೆ ಆಸೆ. ಸುಮ್ನೆ ಬಂದುಹೋಗುವ ಆಸೆ ಅಲ್ಲ, ಬಹಳ ದಿನದಿಂದ ಮನಸ್ಸಿನಲ್ಲಿ ಕೂತಿದೆ.

ಮನೆಯವರು ಸರಿ ಅಂದಿದ್ದಾರೆ. ಮಗನಿಗೆ ಮಾತ್ರ ಒಪ್ಪಿಗೆ ಇಲ್ಲ, "ಈ ವಯಸ್ಸಿನಲ್ಲಿ ಯಾಕಮ್ಮ" ಅನ್ನುತ್ತಾನೆ. ವೈದ್ಯರನ್ನು ಮುಂದಿನ ವಾರ ನೋಡುತ್ತೇನೆ. ಬಿಪಿ ಮಾತ್ರೆ ತೆಗೆದುಕೊಳ್ಳುತ್ತೇನೆ, ಬೇರೆ ತೊಂದರೆ ಇಲ್ಲ. ದಿನಕ್ಕೆ ಎಷ್ಟು ನಡೆಯಬಹುದು? ಎಷ್ಟು ತಿಂಗಳು ತಯಾರಿ ಬೇಕು? ಇನ್ನೊಂದು, ಜನರ ಹತ್ತಿರ ದುಡ್ಡು ಕೇಳುವುದು ಹೇಗೆ? ಅದನ್ನು ನೆನೆಸಿಕೊಂಡರೇ ಬಾಯಿ ಕಟ್ಟುತ್ತದೆ. ಅನುಭವ ಇರುವವರು ದಯವಿಟ್ಟು ಬರೆಯಿರಿ.

ದಾರಿಹೋಕ ಬರೆದರು:

ಮೇಡಂ, ಧಾರಾಳವಾಗಿ ಹೊರಡಿ. ಇಂಥ ನಡಿಗೆಗಳಲ್ಲಿ ನಾನು ಬಹಳ ವರ್ಷ ಸ್ವಯಂಸೇವಕನಾಗಿ ಓಡಾಡಿದ್ದೇನೆ, ನಾನೂ ನಡೆದಿದ್ದೇನೆ. ನೋಡಿದ್ದನ್ನು ಹೇಳುತ್ತೇನೆ.

ದಿನಕ್ಕೆ ಎಷ್ಟು ನಡೆಯಬಹುದು ಅಂತ ಎಲ್ಲರೂ ಕೇಳುತ್ತಾರೆ. ಒಂದೇ ದಿನದ ಮಾತಾದರೆ, ನಡೆದು ರೂಢಿ ಇರುವ 64ರವರು 25 ಕಿ.ಮೀ. ಕೂಡ ನಡೆದುಬಿಡಬಹುದು. ಮಾರನೇ ದಿನ ಹಾಸಿಗೆಯಿಂದ ಇಳಿದು ಮೊದಲ ನಾಲ್ಕು ಹೆಜ್ಜೆ ಇಡುವಾಗ ಹೇಗಿರುತ್ತದೆ, ಅಲ್ಲಿದೆ ವಿಷಯ. ನಮ್ಮ ವಯಸ್ಸಿನಲ್ಲಿ ಶಕ್ತಿಗಿಂತ ಮೊದಲು ಕಡಿಮೆಯಾಗುವುದು ಚೇತರಿಕೆಯ ವೇಗ. ಇಪ್ಪತ್ತೈದರ ಹುಡುಗನಿಗೆ ಒಂದು ರಾತ್ರಿ ನಿದ್ದೆ ಸಾಕು. ನಮಗೆ ಅದೇ ಆಯಾಸ ಇಳಿಯಲು ಎರಡು ದಿನ ಬೇಕಾಗಬಹುದು. ಹಾಗಾಗಿ ಮಾರನೇ ಬೆಳಿಗ್ಗೆಯನ್ನು ಅಳತೆಗೋಲು ಮಾಡಿಕೊಳ್ಳಿ. ಬೆಳಿಗ್ಗೆ ಕಾಲು ಬಿಗಿಯಾಗಿದ್ದು ಹತ್ತು ನಿಮಿಷ ಓಡಾಡಿದ ಮೇಲೆ ಸಡಿಲವಾದರೆ ಹಿಂದಿನ ದಿನದ ದೂರ ಸರಿಯಾಗಿತ್ತು. ಕುಂಟು ಬಂದರೆ, ಅಥವಾ ಒಂದೇ ಜಾಗದಲ್ಲಿ ಚುಚ್ಚುವ ನೋವು ಇದ್ದರೆ ಜಾಸ್ತಿಯಾಗಿದೆ ಅಂತ ಅರ್ಥ.

ಇನ್ನೊಂದು ವಿಷಯವನ್ನು ತುಂಬಾ ಜನ ಗಮನಿಸುವುದಿಲ್ಲ. ಅಭ್ಯಾಸ ಶುರು ಮಾಡಿದ ಕೆಲವೇ ವಾರಗಳಲ್ಲಿ ಉಸಿರು ಹಿಡಿತಕ್ಕೆ ಬರುತ್ತದೆ, ಮಾಂಸಖಂಡ ಗಟ್ಟಿಯಾಗುತ್ತದೆ. ಆದರೆ ಮಾಂಸಖಂಡವನ್ನು ಮೂಳೆಗೆ ಕಟ್ಟುವ ಟೆಂಡನ್‌ಗಳು ಅಷ್ಟು ಬೇಗ ಬಲಿಯುವುದಿಲ್ಲ, ಅವಕ್ಕೆ ತಿಂಗಳುಗಳೇ ಬೇಕು. ಅದಕ್ಕೇ ಎರಡನೇ ತಿಂಗಳಲ್ಲಿ "ನನಗೆ ಏನೂ ಆಗಲ್ಲ" ಅಂತ ಹುರುಪು ಬಂದು ದೂರ ಏರಿಸಿದವರಿಗೆ ಹಿಮ್ಮಡಿಯ ಮೇಲಿನ ಟೆಂಡನ್ ಕೈಕೊಡುತ್ತದೆ. ಐದಾರು ತಿಂಗಳ ತಯಾರಿ ಇಟ್ಟುಕೊಳ್ಳಿ. ವಾರದ ಒಟ್ಟು ದೂರವನ್ನು ಒಂದು ಸಲಕ್ಕೆ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಏರಿಸಬೇಡಿ. ಮೂರು ವಾರ ಏರಿಸಿದರೆ ನಾಲ್ಕನೇ ವಾರ ಇಳಿಸಿ. ಒಂದು ದಿನದ ದೊಡ್ಡ ನಡಿಗೆಗಿಂತ ಸಾಲಾಗಿ ಎರಡು ದಿನ, ಆಮೇಲೆ ಮೂರು ದಿನ ನಡೆದು ನೋಡುವುದು ಮುಖ್ಯ. ದಣಿದ ಕಾಲಿನಲ್ಲೇ ನಡೆಯುವುದು ಹೇಗೆ ಅಂತ ಗೊತ್ತಾಗುವುದು ಅಲ್ಲಿಯೇ.

ನಿಮ್ಮ 300 ಕಿ.ಮೀ.ಗೆ ನನ್ನ ಸಲಹೆ: ದಿನಕ್ಕೆ 15, ನಾಲ್ಕು ದಿನ ನಡೆದರೆ ಒಂದು ದಿನ ಪೂರ್ತಿ ವಿರಾಮ. ಇಪ್ಪತ್ತು ದಿನ ನಡಿಗೆ, ನಾಲ್ಕೈದು ದಿನ ರಜೆ. ವಿರಾಮದ ದಿನವನ್ನು ಮೊದಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. "ಬೇಕಾದರೆ ನೋಡೋಣ" ಅಂತ ಬಿಟ್ಟರೆ ಯಾರೂ ತೆಗೆದುಕೊಳ್ಳುವುದಿಲ್ಲ.

ವಾರಕ್ಕೆ ಎರಡು ಮೂರು ಸಲ ಕಾಲಿನ ಬಲದ ವ್ಯಾಯಾಮವನ್ನೂ ಸೇರಿಸಿ. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು, ಮೆಟ್ಟಿಲಿನ ಅಂಚಲ್ಲಿ ಹಿಮ್ಮಡಿ ಎತ್ತಿ ಇಳಿಸುವುದು, ಗೋಡೆ ಪಕ್ಕ ನಿಂತು ಒಂಟಿಕಾಲಲ್ಲಿ ಸಮತೋಲನ ಮಾಡುವುದು. ವಯಸ್ಸಾಯಿತು, ಇನ್ನು ಬಲ ಬರುತ್ತದಾ ಅನ್ನುವವರಿಗೆ ಒಂದು ವಿಷಯ. 1990ರಲ್ಲಿ ಅಮೆರಿಕದಲ್ಲಿ ನಡೆದ ಅಧ್ಯಯನದಲ್ಲಿ, ಆರೈಕೆ ಕೇಂದ್ರದಲ್ಲಿದ್ದ ಸುಮಾರು 90 ವರ್ಷದವರಿಗೆ ಎಂಟು ವಾರ ಭಾರ ಎತ್ತುವ ತರಬೇತಿ ಕೊಟ್ಟರು. ಅವರ ಕಾಲಿನ ಬಲ ಸರಾಸರಿ ಎರಡೂವರೆ ಪಟ್ಟಿಗಿಂತ ಜಾಸ್ತಿಯಾಯಿತು. ತೊಂಬತ್ತರಲ್ಲಿ ಆಗುವುದು ಅರವತ್ನಾಲ್ಕರಲ್ಲಿ ಆಗದೇ ಇರುತ್ತದಾ?

ಮೂರನೇಮೈಲಿ ಬರೆದರು:

ತಪ್ಪು ತಿಳಿಯಬೇಡಿ ಮೇಡಂ, ನಿಮ್ಮ ಉದ್ದೇಶದ ಬಗ್ಗೆ ಗೌರವ ಇದೆ. ಆದರೂ ಕೇಳುತ್ತೇನೆ. ನಡೆಯುವುದಕ್ಕೂ ದಾನಕ್ಕೂ ಏನು ಸಂಬಂಧ? ದಾರಿಯ ವಸತಿ, ಬೂಟು, ಓಡಾಟಕ್ಕೆ ಆಗುವ ಖರ್ಚನ್ನು ನೇರವಾಗಿ ಆ ಸಂಸ್ಥೆಗೆ ಕೊಟ್ಟರೆ ಅವರಿಗೆ ಲಾಭ ಅಲ್ವಾ? ನಡೆಯುವ ಖುಷಿ ನಮಗೆ, ಅದಕ್ಕೆ ದುಡ್ಡು ಕೊಡುವವರು ಬೇರೆಯವರು. ಇದು ನನಗೆ ಯಾವತ್ತೂ ಸರಿ ಅನ್ನಿಸಿಲ್ಲ.

ನಿಧಾನನಡಿಗೆ ಬರೆದರು:

ನೇರವಾಗಿ ಕೇಳಿದ್ದು ಒಳ್ಳೆಯದಾಯಿತು. ಪ್ರತಿ ತಿಂಗಳೂ ನನ್ನ ಕೈಲಾದಷ್ಟು ಅವರಿಗೆ ಕೊಡುತ್ತಲೇ ಇದ್ದೇನೆ, ಅದು ಮುಂದುವರಿಯುತ್ತದೆ. ನಡಿಗೆಯ ಖರ್ಚು ಪೂರ್ತಿ ನನ್ನದೇ.

ಆದರೆ ನಾನು ಕೊಟ್ಟರೆ ಅದು ನನ್ನೊಬ್ಬಳ ದುಡ್ಡು, ಅಲ್ಲಿಗೆ ಮುಗಿಯಿತು. ಅಕ್ಕನ ಕಾಯಿಲೆಗೆ ಮುಂಚೆ ಮನೆಯಲ್ಲೇ ಇಂಥ ಆರೈಕೆ ಸಿಗುತ್ತದೆ ಅಂತ ನನಗೇ ಗೊತ್ತಿರಲಿಲ್ಲ. ಎಷ್ಟು ಮನೆಗಳಲ್ಲಿ ಈಗಲೂ ಗೊತ್ತಿಲ್ಲವೋ. ಸಾಯುವವರ ಆರೈಕೆ ಬಗ್ಗೆ ಯಾರೂ ತಾವಾಗಿ ಮಾತೆತ್ತುವುದಿಲ್ಲ. "ಇಷ್ಟು ದೂರ ಯಾಕೆ ನಡೀತಿದ್ದೀರಿ" ಅಂತ ಒಬ್ಬರು ಕೇಳಿದರೆ ಆ ಮಾತು ಹೇಳಲು ನನಗೆ ಒಂದು ದಾರಿ ಸಿಗುತ್ತದೆ. ನನಗೆ ಅದು ದುಡ್ಡಿನಷ್ಟೇ ದೊಡ್ಡದು.

ಹಳೆಕಡತ ಬರೆದರು:

ಮೂರನೇಮೈಲಿ ಅವರೇ, ನಿಮ್ಮ ಪ್ರಶ್ನೆಗೆ ವಿನೋಬಾ ಭಾವೆಯವರ ಬದುಕಿನಲ್ಲಿ ಒಳ್ಳೆಯ ಉತ್ತರ ಇದೆ. 1951ರ ಏಪ್ರಿಲ್‌ನಲ್ಲಿ ತೆಲಂಗಾಣದ ಪೋಚಂಪಳ್ಳಿಯಲ್ಲಿ ಭೂಮಿ ಇಲ್ಲದವರು 80 ಎಕರೆ ಬೇಕು ಅಂದರು. ಊರಿನ ಒಬ್ಬ ಜಮೀನುದಾರರು ಅಲ್ಲೇ ಎದ್ದು ನಿಂತು 100 ಎಕರೆ ಕೊಟ್ಟರು. ಭೂದಾನ ಶುರುವಾಗಿದ್ದು ಹಾಗೆ. ವಿನೋಬಾರಿಗೆ ಆಗ 55. ಆಮೇಲೆ ಹದಿಮೂರು ವರ್ಷಕ್ಕೂ ಹೆಚ್ಚು ಕಾಲ ಅವರು ನಡೆಯುತ್ತಲೇ ಇದ್ದರು. ಕಾಗದ ಬರೆದು ಭೂಮಿ ಕೇಳಬಹುದಿತ್ತು. ಆದರೆ ನಡೆದುಕೊಂಡು ಮನೆ ಬಾಗಿಲಿಗೆ ಬಂದ ವಯಸ್ಸಾದವರ ಮುಖ ನೋಡಿ "ಇಲ್ಲ" ಅನ್ನುವುದು ಕಷ್ಟ. ನಡೆದವರ ಮಾತಿಗೆ ತೂಕ ಬರುತ್ತದೆ.

ದೂರದ ವಿಷಯಕ್ಕೆ ಬಂದರೆ ಟಾಮ್ ಮೂರ್ ಅವರನ್ನು ನೆನೆಯಬೇಕು. 2020ರ ಏಪ್ರಿಲ್, ಕೊರೊನಾ ಕಾಲ, ಬ್ರಿಟನ್. 99ರ ಈ ಮಾಜಿ ಸೈನಿಕರು ನೂರನೇ ಹುಟ್ಟುಹಬ್ಬದ ಒಳಗೆ ತಮ್ಮ ತೋಟದ 25 ಮೀಟರ್ ಹಾದಿಯಲ್ಲಿ ನೂರು ಸುತ್ತು ಹಾಕಲು ಹೊರಟರು, ವಾಕರ್ ಹಿಡಿದುಕೊಂಡು. ಆರೋಗ್ಯ ಸೇವೆಯ ದತ್ತಿಗಳಿಗೆ 1000 ಪೌಂಡ್ ಕೂಡಿಸುವ ಗುರಿ. ಬಂದದ್ದು 3 ಕೋಟಿ ಪೌಂಡ್‌ಗೂ ಹೆಚ್ಚು. ಒಟ್ಟು ದೂರ ಲೆಕ್ಕ ಹಾಕಿ, ಎರಡೂವರೆ ಕಿಲೋಮೀಟರ್! ಅವರವರ ದೇಹಕ್ಕೆ ಯಾವುದು ದೂರವೋ ಅದೇ ದೂರದ ನಡಿಗೆ. ಮೇಡಂ, 300 ಅನ್ನುವ ಅಂಕಿ ನಿಮ್ಮನ್ನು ಕಟ್ಟಿಹಾಕಬಾರದು.

ದಾರಿಹೋಕ ಅವರು ದಿನಕ್ಕೆ 15 ಅಂದಿದ್ದಕ್ಕೆ ಪುಷ್ಟಿ ಕೊಡುವ ಎರಡು ಲೆಕ್ಕ ನನ್ನ ಹತ್ತಿರ ಇವೆ. ಡೋರಿಸ್ ಹ್ಯಾಡಕ್ ಅಂತ ಒಬ್ಬ ಅಜ್ಜಿ, ಜನ "ಗ್ರ್ಯಾನಿ ಡಿ" ಅನ್ನುತ್ತಿದ್ದರು. ಚುನಾವಣೆಗೆ ಹರಿದುಬರುವ ದೊಡ್ಡ ದುಡ್ಡಿಗೆ ಕಡಿವಾಣ ಬೇಕು ಅಂತ ಅಮೆರಿಕದ ಒಂದು ಕರಾವಳಿಯ ಕಡೆಯಿಂದ ಇನ್ನೊಂದರ ಕಡೆಗೆ ನಡೆದರು. 1999ರ ಜನವರಿ 1ಕ್ಕೆ ಹೊರಟಾಗ ವಯಸ್ಸು 88, 2000ದ ಫೆಬ್ರವರಿ 29ಕ್ಕೆ ವಾಷಿಂಗ್ಟನ್ ಮುಟ್ಟಿದಾಗ 90. ಸುಮಾರು 5,100 ಕಿ.ಮೀ. ಇಡೀ ಹದಿನಾಲ್ಕು ತಿಂಗಳಿಗೆ ಹಂಚಿದರೆ ದಿನಕ್ಕೆ 12 ಕಿ.ಮೀ. ಬರುತ್ತದೆ ಅಷ್ಟೇ. 1930ರ ದಂಡಿ ಯಾತ್ರೆಯೂ ಹಾಗೇ. ಗಾಂಧೀಜಿಗೆ 60. ಮಾರ್ಚ್ 12ರಿಂದ 24 ದಿನ, ಸುಮಾರು 385 ಕಿ.ಮೀ. ದಿನಕ್ಕೆ 16. ಅದರಲ್ಲಿ ಸೋಮವಾರ ನಡಿಗೆ ಇರಲಿಲ್ಲ, ಮೌನ ಮತ್ತು ವಿಶ್ರಾಂತಿ. ಇವೆರಡೂ ಸಹಾಯಾರ್ಥ ನಡಿಗೆಗಳಲ್ಲ, ಗೊತ್ತು. ಆದರೆ ವಯಸ್ಸಾದ ಕಾಲುಗಳು ಹೇಗೆ ದೂರ ಕ್ರಮಿಸಿದವು ಅನ್ನುವ ಲೆಕ್ಕ ಒಂದೇ.

ಮೂರನೇಮೈಲಿ ಬರೆದರು:

ಖರ್ಚು ಸ್ವಂತದ್ದು ಅಂದಮೇಲೆ ನನ್ನ ಮುಖ್ಯ ಆಕ್ಷೇಪ ಹೋಯಿತು. ಈ ವಿಷಯ ದಾನಿಗಳಿಗೂ ಗೊತ್ತಾಗುವ ಹಾಗೆ ಮೊದಲ ಸಾಲಲ್ಲೇ ಬರೆಯಿರಿ ಮೇಡಂ. ನನ್ನಂಥವರು ಅದನ್ನೇ ಹುಡುಕುತ್ತಾರೆ.

ಬಿಳಿಕೋಟು ಬರೆದರು:

ನಾನು ನರ್ಸ್. ಅಕ್ಕ, ನಿಮಗೆ ಎರಡು ವಿಷಯ ಹೇಳಬೇಕು. ಒಂದು ಮಾತ್ರೆ, ಇನ್ನೊಂದು ಪಾದ.

ಬಿಪಿ ಮಾತ್ರೆಗಳಲ್ಲಿ ಬೇರೆ ಬೇರೆ ಜಾತಿ ಇವೆ. ಮೂತ್ರ ಜಾಸ್ತಿ ಮಾಡಿಸುವ ಮಾತ್ರೆಯಾದರೆ ಬಿಸಿಲಲ್ಲಿ ನಡೆಯುವಾಗ ದೇಹದ ನೀರು, ಉಪ್ಪು ಬೇಗ ಇಳಿಯುತ್ತದೆ. ಹೃದಯ ಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಆದರೆ ಎಷ್ಟು ಆಯಾಸವಾದರೂ ನಾಡಿ ಅಷ್ಟಾಗಿ ಏರುವುದಿಲ್ಲ. ಕೈಗಡಿಯಾರ ತೋರಿಸುವ ಬಡಿತ ನಂಬಿ ನಡೆದರೆ ಮೋಸ ಹೋಗುತ್ತೀರಿ. ಮಾತಾಡಿ ನೋಡಿಕೊಳ್ಳಿ. ನಡೆಯುತ್ತಾ ಪೂರ್ತಿ ವಾಕ್ಯ ಹೇಳಲು ಆದರೆ ವೇಗ ಸರಿ ಇದೆ, ಒಂದೊಂದೇ ಪದ ಹೊರಡುತ್ತಿದ್ದರೆ ನಿಧಾನ ಮಾಡಿ. ನಿಮ್ಮದು ಯಾವ ಮಾತ್ರೆ, ನಡಿಗೆಯ ದಿನಗಳಲ್ಲಿ ಪ್ರಮಾಣ ಬದಲಿಸಬೇಕಾ ಅಂತ ವೈದ್ಯರನ್ನು ಕೇಳಿ. ನೀವಾಗಿ ಬದಲಿಸಬೇಡಿ.

ಇನ್ನೂ ಮುಖ್ಯವಾದದ್ದು ನೋವಿನ ಮಾತ್ರೆ. ಸಂಜೆ ಮೊಣಕಾಲು ನೋವು ಅಂತ ಐಬುಪ್ರೊಫೆನ್ ಥರದ್ದು ನುಂಗುವುದು ತುಂಬಾ ಜನರ ರೂಢಿ. ಕೆಲವು ಬಿಪಿ ಮಾತ್ರೆ, ಮೈಯಲ್ಲಿ ನೀರು ಕಮ್ಮಿ, ಮೇಲೆ ಈ ನೋವಿನ ಮಾತ್ರೆ, ಮೂರೂ ಸೇರಿದರೆ ಕಿಡ್ನಿಗೆ ಪೆಟ್ಟು ಬೀಳುತ್ತದೆ. ಇದನ್ನು ಕೇಳದೆ ತೆಗೆದುಕೊಳ್ಳಲೇಬೇಡಿ. ನೋವು ಮುಚ್ಚಿಕೊಂಡು ನಡೆದರೆ ಗಾಯ ದೊಡ್ಡದಾಗುತ್ತದೆ, ಅದೂ ಒಂದು.

ವಯಸ್ಸಾದಂತೆ ಬಾಯಾರಿಕೆಯ ಅರಿವು ಮಂಕಾಗುತ್ತದೆ. ದಾಹವಾದಾಗ ಕುಡಿಯೋಣ ಅಂತ ಕಾಯಬೇಡಿ, ಆಗಾಗ ಸ್ವಲ್ಪ ಸ್ವಲ್ಪ ಕುಡಿಯಿರಿ. ಹಾಗಂತ ಗಂಟೆಗಟ್ಟಲೆ ಬರೀ ನೀರನ್ನೇ ಲೀಟರುಗಟ್ಟಲೆ ಸುರಿದುಕೊಂಡರೆ ರಕ್ತದ ಸೋಡಿಯಂ ಇಳಿಯುವ ಅಪಾಯ ಇದೆ. ಉದ್ದದ ದಿನಗಳಲ್ಲಿ ಸ್ವಲ್ಪ ಉಪ್ಪಿನಂಶವೂ ಹೊಟ್ಟೆ ಸೇರಬೇಕು. ಎಷ್ಟು ಅಂತ ನಿಮ್ಮ ಬಿಪಿ ನೋಡುವವರೇ ಹೇಳಬೇಕು.

ಈಗ ಪಾದ. ಬೊಬ್ಬೆ ಒಂದೇ ಸಲಕ್ಕೆ ಏಳುವುದಿಲ್ಲ, ಮೊದಲು ಸೂಚನೆ ಕೊಡುತ್ತದೆ. ಹಿಮ್ಮಡಿಯಲ್ಲೋ ಕಿರುಬೆರಳ ಪಕ್ಕದಲ್ಲೋ ಒಂದು ಬಿಲ್ಲೆಯಷ್ಟು ಜಾಗ ಬೆಚ್ಚಗಾಗುತ್ತದೆ, ಆಮೇಲೆ ಉರಿಯುತ್ತದೆ. ಆ ಕ್ಷಣಕ್ಕೆ ನಿಲ್ಲಿ. "ಮುಂದಿನ ತಿರುವಿನಲ್ಲಿ ನೋಡೋಣ" ಅನ್ನಬೇಡಿ. ಬೂಟು, ಸಾಕ್ಸ್ ತೆಗೆದು ಬೆವರು ಒರೆಸಿ, ಆರಲು ಬಿಡಿ, ಕೆಂಪಾದ ಜಾಗಕ್ಕೆ ಸುಕ್ಕಿಲ್ಲದ ಹಾಗೆ ಟೇಪ್ ಅಂಟಿಸಿ. ಟೇಪಿನ ಮೂಲೆಗಳನ್ನು ಕತ್ತರಿಯಿಂದ ಗುಂಡಗೆ ಕತ್ತರಿಸಿಕೊಂಡರೆ ಅಂಚು ಸುರುಳಿ ಏಳುವುದಿಲ್ಲ. ಐದು ನಿಮಿಷದ ಕೆಲಸ, ನಾಲ್ಕು ದಿನದ ಕುಂಟು ತಪ್ಪುತ್ತದೆ. ಹತ್ತಿಯ ಸಾಕ್ಸ್ ಬೇಡ, ಬೆವರು ಹಿಡಿದಿಟ್ಟುಕೊಂಡು ಉಜ್ಜುತ್ತದೆ. ಉಣ್ಣೆ ಅಥವಾ ಸಿಂಥೆಟಿಕ್ ಹಾಕಿ, ಮಧ್ಯಾಹ್ನ ಒಂದು ಸಲ ಬದಲಿಸಿ.

ವರ್ಷಗಳು ಕಳೆದಂತೆ ಪಾದ ಅಗಲವಾಗುತ್ತದೆ, ಹಿಮ್ಮಡಿ ಕೆಳಗಿನ ಕೊಬ್ಬಿನ ಮೆತ್ತೆ ತೆಳುವಾಗುತ್ತದೆ. ಹಳೇ ಸೈಜಿನಲ್ಲೇ ಬೂಟು ತರಬೇಡಿ, ಹೊಸದಾಗಿ ಅಳತೆ ಮಾಡಿಸಿ. ಸಂಜೆ ಹೊತ್ತು ಪಾದ ಊದಿರುತ್ತದೆ, ಆಗಲೇ ಹೋಗಿ. ನಡೆಯುವ ಸಾಕ್ಸ್ ಹಾಕಿಕೊಂಡೇ ನೋಡಿ. ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನಷ್ಟು ಜಾಗ ಉಳಿಯಬೇಕು.

ಸಕ್ಕರೆ ಕಾಯಿಲೆ ಇರುವವರು ಇದನ್ನು ಓದುತ್ತಿದ್ದರೆ ಒಂದು ಮಾತು. ಪಾದದ ಸ್ಪರ್ಶ ಕಡಿಮೆಯಾಗಿದ್ದರೆ ಈ ಉರಿ ನಿಮಗೆ ಗೊತ್ತೇ ಆಗುವುದಿಲ್ಲ. ಪ್ರತಿ ವಿರಾಮದಲ್ಲೂ ಕಣ್ಣಿನಿಂದ ನೋಡಲೇಬೇಕು, ಅಂಗಾಲಿಗೆ ಕನ್ನಡಿ ಹಿಡಿದು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ನಡೆಯುವಾಗ ಮಾತ್ರವಲ್ಲ, ಆ ರಾತ್ರಿಯೂ ಸಕ್ಕರೆ ಇಳಿಯಬಹುದು. ಜೊತೆಗೆ ಇರುವವರಿಗೆ ಇದು ಗೊತ್ತಿರಲಿ.

ಕಿರಿಮಗ ಬರೆದರು:

ನಾನು ನಿಮ್ಮ ಮಗನ ಜಾಗದಲ್ಲಿ ಇದ್ದವನು, ಅದಕ್ಕೇ ಬರೆಯುತ್ತಿದ್ದೇನೆ. ಅಪ್ಪ 71ರಲ್ಲಿ ಇಂಥದ್ದೇ ನಡಿಗೆಗೆ ಹೊರಟರು. ಮನೆಯಲ್ಲಿ ವಾರಗಟ್ಟಲೆ ವಾದ. ನನಗೆ ಭಯ ಇದ್ದದ್ದು ನಡಿಗೆಯ ಬಗ್ಗೆ ಅಲ್ಲ, ಅಪ್ಪ ಯಾವಾಗ ನಿಲ್ಲಿಸುತ್ತಾರೆ ಅನ್ನುವುದರ ಬಗ್ಗೆ. ಹಿಡಿದ ಕೆಲಸ ಬಿಡುವ ಜಾಯಮಾನ ಅವರದ್ದಲ್ಲ. ಜನ ದುಡ್ಡು ಕೊಟ್ಟಾಗಿದೆ ಅನ್ನುವ ಹಂಗು ಬೇರೆ ಇರುತ್ತದೆ, ಅದು ತುಂಬಾ ಅಪಾಯ.

ಕೊನೆಗೆ ಇಬ್ಬರೂ ಕೂತು ಒಂದು ಕಾಗದದಲ್ಲಿ ಬರೆದೆವು. ಎದೆಯಲ್ಲಿ ಬಿಗಿತ, ತಲೆ ಸುತ್ತು, ಕೂತಾಗಲೂ ಇಳಿಯದ ಏದುಸಿರು: ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ, ಫೋನ್ ಮಾಡಿ ಕೇಳುವ ಮಾತೇ ಇಲ್ಲ. ನಡೆಯುತ್ತಾ ಹೋದಂತೆ ಜಾಸ್ತಿಯಾಗುವ ಕೀಲು ನೋವು: ಆ ದಿನ ನಿಲ್ಲಿಸಿ, ಎರಡು ದಿನ ವಿರಾಮ. ಅದೇ ನೋವು ಮತ್ತೆ ಬಂದರೆ ಮನೆಗೆ. ಬರೆದು ಅಪ್ಪ ಸಹಿ ಹಾಕಿದರು. ಆಮೇಲೆ ನಾನು ಬಾಯಿ ಮುಚ್ಚಿದೆ. ವಾರದ ಕೊನೆಗೆ ಹೋಗಿ ಜೊತೆಯಲ್ಲಿ ನಡೆದೆ ಕೂಡ. ಎಷ್ಟೋ ವರ್ಷದಿಂದ ಆಡದ ಮಾತುಗಳನ್ನು ಆ ದಾರಿಯಲ್ಲಿ ಆಡಿದೆವು.

ನಿಮ್ಮ ಮಗನಿಗೆ "ಏನೂ ಆಗಲ್ಲ ಬಿಡೋ" ಅನ್ನಬೇಡಿ ಆಂಟಿ. ಏನಾದರೂ ಆದರೆ ಏನು ಮಾಡುತ್ತೀರಿ ಅಂತ ತೋರಿಸಿ. ದಿನಾ ಎರಡು ಹೊತ್ತು ಎಲ್ಲಿದ್ದೀರಿ ಅಂತ ಫೋನಿನಲ್ಲಿ ಜಾಗ ಕಳಿಸುವುದಾಗಿ ಒಪ್ಪಿಕೊಳ್ಳಿ.

ಲೆಕ್ಕದಪುಸ್ತಕ ಬರೆದರು:

ಒಂದು ಸಣ್ಣ ಸೇವಾ ಸಂಸ್ಥೆಯ ಲೆಕ್ಕ ನೋಡಿಕೊಳ್ಳುತ್ತೇನೆ. ದುಡ್ಡು ಕೇಳುವ ವಿಷಯ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ.

ಎಲ್ಲಕ್ಕಿಂತ ಮೊದಲು ಸಂಸ್ಥೆಗೆ ತಿಳಿಸಿ, ಅವರ ಒಪ್ಪಿಗೆ ಬರಹದಲ್ಲಿ ಪಡೆಯಿರಿ. ದೇಣಿಗೆ ಸಂಗ್ರಹಕ್ಕೆ ಒಂದೊಂದು ಕಡೆ ಒಂದೊಂದು ನಿಯಮ ಇರುತ್ತದೆ, ಅವರಿಗೆ ಅದು ಗೊತ್ತಿರುತ್ತದೆ. ದುಡ್ಡು ಯಾವ ಕಾರಣಕ್ಕೂ ನಿಮ್ಮ ಖಾತೆಗೆ ಬರಬಾರದು. ದಾನಿಯಿಂದ ನೇರವಾಗಿ ಸಂಸ್ಥೆಯ ಖಾತೆಗೆ ಹೋಗಲಿ, ರಸೀದಿ ಅವರೇ ಕೊಡಲಿ. ದಾರಿಯಲ್ಲಿ ಯಾರಾದರೂ ಕೈಗೆ ನಗದು ಇಟ್ಟರೆ ಅಲ್ಲೇ ಅವರ ಎದುರಿಗೇ ಪುಸ್ತಕದಲ್ಲಿ ಬರೆದು ಸಹಿ ತೆಗೆದುಕೊಳ್ಳಿ. ಆನ್‌ಲೈನ್ ವೇದಿಕೆ ಬಳಸುವುದಾದರೆ ಅದು ಎಷ್ಟು ಶುಲ್ಕ ಹಿಡಿಯುತ್ತದೆ ಅಂತ ಮೊದಲೇ ನೋಡಿ.

ಕೇಳಲು ಬಾಯಿ ಬರುವುದಿಲ್ಲ ಅಂದಿರಿ. ಮೊದಲು ತೀರಾ ಹತ್ತಿರದ ನಾಲ್ಕು ಜನರನ್ನು ಕೇಳಿ, ಅವರ ದೇಣಿಗೆ ಬಂದ ಮೇಲೆ ಉಳಿದವರಿಗೆ ತಿಳಿಸಿ. ಖಾಲಿ ಪಟ್ಟಿ ಕಂಡರೆ ಜನ ಹಿಂಜರಿಯುತ್ತಾರೆ. ಮೊದಲ ಮೊತ್ತ ನೋಡಿ ಮುಂದಿನವರು ತಮ್ಮದನ್ನು ತೀರ್ಮಾನಿಸುತ್ತಾರೆ. "ದಯವಿಟ್ಟು ಸಹಾಯ ಮಾಡಿ" ಅಂತ ಬರೆಯುವುದಕ್ಕಿಂತ ನೀವು ಇಲ್ಲಿ ಬರೆದಿರಲ್ಲ, ಮಗ್ಗುಲು ಬದಲಿಸುವುದನ್ನು ಪಕ್ಕದಲ್ಲಿ ಕೂತು ಕಲಿಸಿದರು ಅಂತ, ಅದನ್ನು ಹಾಗೇ ಬರೆಯಿರಿ. ನನಗೆ ಅದನ್ನು ಓದಿ ಗಂಟಲು ಕಟ್ಟಿತು. ನಡಿಗೆ ಶುರುವಾದ ಮೇಲೆ ವಾರಕ್ಕೊಂದು ಚಿಕ್ಕ ಸುದ್ದಿ ಹಾಕಿ. ಹೊರಡುವ ಮುಂಚೆ ಸುಮ್ಮನಿದ್ದವರು ಎಷ್ಟೋ ಜನ ಮಧ್ಯದಲ್ಲಿ ಕೊಡುತ್ತಾರೆ.

ಕಿಲೋಮೀಟರಿಗೆ ಇಷ್ಟು ಅಂತ ದೇಣಿಗೆ ಕೇಳಬೇಡಿ. ಅದು ಕಾಲಿನ ಮೇಲೆ ಒತ್ತಡ ಹಾಕುತ್ತದೆ. ಒಟ್ಟು ಮೊತ್ತ ಕೇಳಿ, "ನಾನು ಅರ್ಧಕ್ಕೆ ನಿಲ್ಲಿಸಿದರೂ ಈ ಹಣ ಸಂಸ್ಥೆಗೇ ಸೇರುತ್ತದೆ" ಅಂತ ಮೊದಲೇ ಹೇಳಿ. ಕಿರಿಮಗ ಅವರು ಹೇಳಿದ ಹಂಗು ಅಲ್ಲಿಗೆ ತಪ್ಪುತ್ತದೆ.

ದೀಪದಕಂಬ ಬರೆದರು:

ರಸ್ತೆ ಬಗ್ಗೆ ಒಂದೆರಡು ಮಾತು. ಕಾಲುದಾರಿ ಇಲ್ಲದ ಕಡೆ ಎದುರಿನಿಂದ ಬರುವ ವಾಹನ ಕಾಣುವ ಬದಿಯಲ್ಲಿ ನಡೆಯಿರಿ, ಬೆನ್ನ ಹಿಂದಿಂದ ಬರುವ ಬದಿಯಲ್ಲಿ ಬೇಡ. ಬೆಳಕು ಹಿಡಿದು ಮಿನುಗುವ ಜಾಕೆಟ್ ಹಗಲಲ್ಲೂ ಇರಲಿ. ಕತ್ತಲಾಗುವ ಮುಂಚೆ ಆ ದಿನದ ನಡಿಗೆ ಮುಗಿದಿರಬೇಕು. ಡಾಂಬರು ರಸ್ತೆ ಅಂಚಿನ ಕಡೆಗೆ ಇಳಿಜಾರಾಗಿರುತ್ತದೆ. ದಿನಗಟ್ಟಲೆ ಒಂದೇ ಬದಿಯಲ್ಲಿ ನಡೆದರೆ ಒಂದು ಸೊಂಟ, ಒಂದು ಮೊಣಕಾಲು ನೋಯುವುದು ಅದಕ್ಕೇ. ದಾರಿ ಆರಿಸುವಾಗ ಆದಷ್ಟು ಮಣ್ಣಿನ ಹಾದಿ, ಕಾಲುವೆ ಬದಿ, ಉದ್ಯಾನದ ಹಾದಿ ನೋಡಿ.

ನಿಧಾನನಡಿಗೆ ಬರೆದರು:

ಎಲ್ಲವನ್ನೂ ಎರಡೆರಡು ಸಲ ಓದಿದೆ. ವೈದ್ಯರನ್ನು ನೋಡಿ ಬಂದೆ. ಇಸಿಜಿ, ರಕ್ತ ಪರೀಕ್ಷೆ ಮಾಡಿಸಿದರು, ಅಭ್ಯಾಸ ಶುರು ಮಾಡಲು ಒಪ್ಪಿದ್ದಾರೆ. ನನ್ನದು ಮೂತ್ರದ ಮಾತ್ರೆಯೇ ಅಂತೆ, ಬಿಳಿಕೋಟು ಅವರು ಹೇಳದಿದ್ದರೆ ಕೇಳುತ್ತಲೇ ಇರಲಿಲ್ಲ. ಎರಡು ತಿಂಗಳಾದ ಮೇಲೆ ಮತ್ತೆ ತೋರಿಸಬೇಕು.

ನಿಲ್ಲಿಸುವ ಷರತ್ತುಗಳನ್ನು ಮಗನ ಕೈಯಲ್ಲೇ ಬರೆಸಿದೆ. ನಾನು ಯೋಚಿಸದ ಇನ್ನೆರಡನ್ನು ಅವನೇ ಸೇರಿಸಿದ. ಪೂರ್ತಿ ಒಪ್ಪಿದ್ದಾನೆ ಅನ್ನಲಾರೆ, ಆದರೆ ನಕ್ಷೆ ತೆಗೆದು ದಾರಿ ನೋಡುತ್ತಿದ್ದಾನೆ. ಸಂಸ್ಥೆಯವರಿಗೂ ತಿಳಿಸಿದೆ. 300 ಅನ್ನುವುದನ್ನು ಹಾಗೇ ಇಟ್ಟಿದ್ದೇನೆ, ಮುಗಿಸುವ ತಾರೀಖು ಮಾತ್ರ ಎಲ್ಲೂ ಹಾಕುವುದಿಲ್ಲ.

ಒಂದು ಪ್ರಶ್ನೆ ಉಳಿದಿದೆ. ದಾರಿಯಲ್ಲಿ ಮಧ್ಯೆ ಏರುತಗ್ಗಿನ ಜಾಗ ಬರುತ್ತದೆ. ನನಗೆ ಏರು ಕಷ್ಟವಲ್ಲ, ಇಳಿಯುವಾಗ ಮೊಣಕಾಲಿನ ಮುಂದೆ ನೋವು. ಅದಕ್ಕೇನು ಮಾಡುವುದು?

ದಾರಿಹೋಕ ಬರೆದರು:

ಇಳಿಯುವಾಗ ತೊಡೆಯ ಮುಂದಿನ ಮಾಂಸಖಂಡ ಬ್ರೇಕ್ ಹಿಡಿದ ಹಾಗೆ ಕೆಲಸ ಮಾಡುತ್ತದೆ. ಅದು ಸೋತರೆ ಭಾರವೆಲ್ಲ ಮೊಣಚಿಪ್ಪಿನ ಮೇಲೆ. ನೋವು ಈಗಲೇ ಇರುವುದರಿಂದ ಮೊದಲು ಒಬ್ಬ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ. ಅವರು ಸರಿ ಅಂದರೆ ಚಿಕ್ಕ ಮೆಟ್ಟಿಲಿನಿಂದ ಒಂದು ಕಾಲನ್ನು ನಿಧಾನವಾಗಿ, ಮೂರು ಎಣಿಸುತ್ತಾ ಕೆಳಗಿಳಿಸುವ ಅಭ್ಯಾಸ ಮಾಡಿ. ಇಳಿಜಾರಿಗೆ ಬೇಕಾದ ಬಲ ಅದರಿಂದ ಬರುತ್ತದೆ.

ನಡಿಗೆಯ ದಿನ ಎರಡು ಕೋಲು ತೆಗೆದುಕೊಳ್ಳಿ, ಒಂದಲ್ಲ. ಸಮತಟ್ಟಿನಲ್ಲಿ ಮೊಣಕೈ 90 ಡಿಗ್ರಿ ಮಡಚುವ ಎತ್ತರ ಇರಲಿ, ಇಳಿಜಾರಿನಲ್ಲಿ ಐದಾರು ಸೆಂ.ಮೀ. ಉದ್ದ ಮಾಡಿಕೊಳ್ಳಿ. ಕೋಲು ಮೊದಲು ಮುಂದೆ ಊರಿ, ಆಮೇಲೆ ಕಾಲು. ಹೆಜ್ಜೆ ಚಿಕ್ಕದಾಗಿರಲಿ, ಮೊಣಕಾಲು ಪೂರ್ತಿ ನೆಟ್ಟಗೆ ಮಾಡಿ ಊರಬೇಡಿ. ತೀರಾ ಕಡಿದಾದ ಕಡೆ ಅಡ್ಡಡ್ಡವಾಗಿ ಇಳಿಯಿರಿ. ಇಳಿಯುವ ಮುಂಚೆ ಬೂಟಿನ ದಾರವನ್ನು ಕಣಕಾಲಿನ ಹತ್ತಿರ ಬಿಗಿ ಮಾಡಿ, ಇಲ್ಲದಿದ್ದರೆ ಪಾದ ಮುಂದೆ ಜಾರಿ ಉಗುರು ಕಪ್ಪಾಗುತ್ತದೆ.

ಸಮಯದ ಲೆಕ್ಕಕ್ಕೆ ನೇಯ್ಸ್‌ಮಿತ್ ಅನ್ನುವವರು 1892ರಲ್ಲಿ ಮಾಡಿದ ಸೂತ್ರ ಈಗಲೂ ಬಳಕೆಯಲ್ಲಿದೆ: 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಗಟ್ಟಿಮುಟ್ಟಾಗಿ, ನಿಲ್ಲದೆ ನಡೆಯುವವರ ಲೆಕ್ಕ ಅದು. ನೀವು ಅದಕ್ಕೆ ಅರ್ಧ ಸೇರಿಸಿ. ಏರುತಗ್ಗಿನ ದಿನಗಳಲ್ಲಿ 15ರ ಬದಲು 10 ಇಟ್ಟುಕೊಳ್ಳಿ, ಆ ಭಾಗ ಮುಗಿದ ತಕ್ಷಣ ಒಂದು ವಿರಾಮದ ದಿನ ಇರಲಿ. ಸಾಲಾಗಿ ಮೂರು ದಿನದ ಅಭ್ಯಾಸ ಮಾಡಿದಾಗ ಮೂರನೇ ಬೆಳಿಗ್ಗೆ ಮೊಣಕಾಲು ಹೇಗಿತ್ತು ಅಂತ ಇಲ್ಲಿ ಬರೆಯಿರಿ, ಅದನ್ನು ನೋಡಿ ದಿನದ ದೂರವನ್ನು ಮತ್ತೆ ಕೂರಿಸೋಣ.